ಕಾಲುವೆ ಏರಿಯ ಮೇಲೆ ನಡಿಗೆ: ಇಂಗ್ಲೆಂಡಿನಲ್ಲಿ ಯಾವ ದಾರಿ ಯಾರಿಗೆ?

ಅಪ್ಪ ಮೊದಲ ಸಲ ಇಂಗ್ಲೆಂಡಿಗೆ ಬಂದಾಗ ಕೆನೆಟ್ ಅಂಡ್ ಏವನ್ ಕಾಲುವೆಯ ದಡದಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ. "ಈ ನೀರು ಯಾವ ಗದ್ದೆಗೆ ಹೋಯ್ತದೆ ಮಗಾ?" ಅವರು ಮಂಡ್ಯದ ಕಡೆಯವರು. ವಿ.ಸಿ. ನಾಲೆಯ ಏರಿ ಮೇಲೆ ಓಡಾಡಿ ಬೆಳೆದವರು. ಅವರಿಗೆ ನಾಲೆ ಅಂದರೆ ಗದ್ದೆ, ಗದ್ದೆ ಅಂದರೆ ನೀರಿನ ಸರದಿ, ಸರದಿ ಅಂದರೆ ಜಗಳ. ಈ ನೀರು ಯಾವ ಗದ್ದೆಗೂ ಹೋಗುವುದಿಲ್ಲ, ಸುಮ್ನೆ ಇಲ್ಲೇ ನಿಂತಿರುತ್ತದೆ ಅಂದರೆ ನಂಬಲೇ ಇಲ್ಲ.

ನಿಜ ಅಂದರೆ ಇಲ್ಲಿನ ಕಾಲುವೆಗಳನ್ನು ತೋಡಿದ್ದು ಬೆಳೆಗಲ್ಲ, ಸರಕಿಗೆ. ರೈಲು ಬರುವ ಮುಂಚೆ ಕಲ್ಲಿದ್ದಲು, ಸುಣ್ಣದ ಕಲ್ಲು, ಧಾನ್ಯ ಎಲ್ಲ ದೋಣಿಯಲ್ಲೇ ಹೋಗುತ್ತಿತ್ತು. ಒಂದೇ ಕುದುರೆ ದಡದ ಮೇಲೆ ನಡೆಯುತ್ತಾ 25-30 ಟನ್ ಹೊತ್ತ ದೋಣಿಯನ್ನು ಹಗ್ಗದಲ್ಲಿ ಎಳೆಯುತ್ತಿತ್ತು. ಆ ಕುದುರೆ ನಡೆದ ದಾರಿಗೇ ಟೋಪಾತ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಏರಿ. ನಿಂತ ನೀರು ಮಟ್ಟವಾಗಿರಬೇಕಲ್ಲ, ಹಾಗಾಗಿ ಪಕ್ಕದ ಏರಿಯೂ ಮಟ್ಟ. ಎತ್ತರ ಬದಲಾಗುವುದು ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ತೊಟ್ಟಿ) ಇರುವ ಜಾಗದಲ್ಲಿ ಮಾತ್ರ. ಅಲ್ಲೂ ಕೆಲವೇ ಹೆಜ್ಜೆಯ ಸಣ್ಣ ಇಳಿಜಾರು. ಮಂಡಿನೋವಿನ ಅಮ್ಮ, ಐದು ವರ್ಷದ ಮಗ, ವಾರವಿಡೀ ಕಂಪ್ಯೂಟರ್ ಮುಂದೆ ಕೂತ ನಾವು ಇಷ್ಟೂ ಜನ ಒಟ್ಟಿಗೆ ನಡೆಯಬಹುದಾದ ದಾರಿ ಇಂಗ್ಲೆಂಡಿನಲ್ಲಿ ಇದ್ದರೆ ಇದೇ.

ಮೇ ತಿಂಗಳು ಬಂತು ಅಂದರೆ ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡ ಗೆಳೆಯರ ಫೋನು ಶುರುವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಒಂದೇ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುತ್ತದೆ. ಅದರಲ್ಲಿ ಯಾವ ಐದು ಮೈಲಿ ನಡೆಯೋದು ಅಂತ ಎಲ್ಲರಿಗೂ ಗೊಂದಲ.

ಚಂದ ಅಲ್ಲ, ವಾಪಸ್ ಬರುವ ದಾರಿ ನೋಡಿ

ಎಲ್ಲರೂ ಕೇಳುವುದು "ಯಾವುದು ಚೆನ್ನಾಗಿದೆ?" ಅಂತ. ಎಲ್ಲವೂ ಚೆನ್ನಾಗಿವೆ, ಸಮಸ್ಯೆ ಇರುವುದೇ ಅಲ್ಲಿ. ಬಾತುಕೋಳಿ, ಕಮಾನಿನ ಇಟ್ಟಿಗೆ ಸೇತುವೆ, ಬಣ್ಣ ಬಳಿದ ಉದ್ದನೆಯ ದೋಣಿಗಳು, ಹುಲ್ಲು ಮೇಯುವ ಹಸು ಎಲ್ಲ ಕಡೆಯೂ ಸಿಗುತ್ತವೆ. ಫೋಟೊ ನೋಡಿ ಆರಿಸಲು ಹೋದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ನಾನು ಮೊದಲು ನೋಡುವುದು ವಾಪಸ್ ಬರುವುದು ಹೇಗೆ ಅಂತ. ಕಾಲುವೆ ಸುತ್ತಿ ಬರುವುದಿಲ್ಲ, ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಐದು ಮೈಲಿ ನಡೆದ ಮೇಲೆ ಅದೇ ಐದು ಮೈಲಿ ಹಿಂದಕ್ಕೆ ನಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡೂ ತುದಿಯಲ್ಲಿ ರೈಲು ಸ್ಟೇಷನ್ ಇದ್ದರೆ ಅರ್ಧ ಚಿಂತೆ ಮುಗಿಯಿತು. ಕಾರು ಇದ್ದವರಿಗೂ ಇದೇ ಮಾತು. ಕಾರನ್ನು ಕೊನೆಯ ಸ್ಟೇಷನ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ರೈಲು ಹತ್ತಿ ಶುರುವಿನ ಜಾಗಕ್ಕೆ ಹೋಗಿ, ಕಾರಿನ ಕಡೆಗೆ ನಡೆಯಿರಿ. ಆಗ ಸಂಜೆ ರೈಲು ತಪ್ಪುತ್ತದೆ ಅನ್ನುವ ಓಟ ಇರುವುದಿಲ್ಲ. ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು.

ಎರಡನೆಯದು ನೆಲ. ಊರಿನ ಹತ್ತಿರ ಏರಿಗೆ ಜಲ್ಲಿಪುಡಿಯನ್ನೋ ಡಾಂಬರನ್ನೋ ಹಾಕಿರುತ್ತಾರೆ. ಊರು ದಾಟಿದ ಮೇಲೆ ಬರೀ ಹುಲ್ಲು, ಮಣ್ಣು. ನವೆಂಬರಿನಿಂದ ಮಾರ್ಚ್‌ವರೆಗೆ ಆ ಮಣ್ಣು ನಾಟಿಗೆ ಉತ್ತ ಗದ್ದೆಯ ಥರ. ಮೂರನೆಯದು, ಯಾರಿಗಾದರೂ ಸುಸ್ತಾದರೆ ನಡುವೆಯೇ ಬಿಟ್ಟು ಹೊರಡಲು ಆಗುತ್ತದಾ ಅನ್ನುವುದು. ನಾಲ್ಕನೆಯದು ಟಾಯ್ಲೆಟ್ ಮತ್ತು ಊಟ. ಹಳ್ಳಿಗಾಡಿನ ಏರಿಯ ಮೇಲೆ ಟಾಯ್ಲೆಟ್ ಇಲ್ಲ ಅಂತಲೇ ಲೆಕ್ಕ ಹಾಕಿ. ಇದ್ದರೆ ಪಬ್‌ನಲ್ಲೋ ಟೀ ಅಂಗಡಿಯಲ್ಲೋ. ಖರ್ಚು ಕೊನೆಗೆ. ನಡೆಯಲು ದುಡ್ಡಿಲ್ಲ, ಟಿಕೆಟ್ಟಿಲ್ಲ. ಖರ್ಚೆಲ್ಲ ಅಲ್ಲಿಗೆ ಹೋಗಿ ಬರುವುದರಲ್ಲೇ.

ಇನ್ನೊಂದು ಲೆಕ್ಕ. ಇಲ್ಲಿ ಎಲ್ಲ ಬೋರ್ಡೂ ಮೈಲಿಯಲ್ಲಿ. ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಮಕ್ಕಳು, ಹಿರಿಯರು ಇದ್ದರೆ ಗಂಟೆಗೆ 2 ಮೈಲಿಗಿಂತ ಜಾಸ್ತಿ ಅಂದುಕೊಳ್ಳಬೇಡಿ. ಪ್ರತಿ ಲಾಕ್‌ನಲ್ಲೂ ಹತ್ತು ನಿಮಿಷ ನಿಲ್ಲುವುದು ಖಾತ್ರಿ.

ಕಿಂಟ್‌ಬರಿಯಿಂದ ಹಂಗರ್‌ಫರ್ಡ್, ಬೆಡ್ವಿನ್: ಮೊದಲ ಸಲದವರಿಗೆ

ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಕೆನೆಟ್ ಅಂಡ್ ಏವನ್ ಕಾಲುವೆ ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ 87 ಮೈಲಿ. ಜಾನ್ ರೆನಿ ಅನ್ನುವ ಎಂಜಿನಿಯರ್ ರೂಪಿಸಿದ್ದು, 1810ರಲ್ಲಿ ಪೂರ್ತಿ ತೆರೆಯಿತು. ಆಮೇಲೆ ಗ್ರೇಟ್ ವೆಸ್ಟರ್ನ್ ರೈಲು ಬಂತು, 1852ರಲ್ಲಿ ಕಾಲುವೆಯನ್ನೇ ರೈಲು ಕಂಪನಿ ಕೊಂಡುಕೊಂಡಿತು. ಪಕ್ಕದಲ್ಲೇ ಹಳಿ ಹಾಕಿದವರಿಗೆ ಕಾಲುವೆ ಉಳಿಸುವ ಆಸಕ್ತಿ ಎಲ್ಲಿಂದ ಬರಬೇಕು? ನಿಧಾನಕ್ಕೆ ಹೂಳು ತುಂಬಿ ಹಾಳಾಯಿತು. ಹವ್ಯಾಸಿಗಳೂ ಸ್ವಯಂಸೇವಕರೂ ಸೇರಿ ದಶಕಗಟ್ಟಲೆ ದುಡಿದು ಮತ್ತೆ ಜೀವ ಕೊಟ್ಟರು. 1990ರಲ್ಲಿ ರಾಣಿ ಎರಡನೇ ಎಲಿಜಬೆತ್ ಬಂದು ಮರಳಿ ತೆರೆದರು. ಕಾಲುವೆಯನ್ನು ಕೊಂದ ಅದೇ ರೈಲು ಈಗ ನಮ್ಮಂಥವರನ್ನು ವಾಪಸ್ ಕರೆದುಕೊಂಡು ಬರುತ್ತದೆ. ಹಳಿ ಮತ್ತು ನೀರು ಅಕ್ಕಪಕ್ಕ ಇರುವುದರಿಂದಲೇ ಈ ದಾರಿ ಇಷ್ಟು ಸಲೀಸು.

ಕಿಂಟ್‌ಬರಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಲಾಕ್, ಪಬ್, ನೀರು. ಹುಡುಕಾಟವೇ ಇಲ್ಲ. ಹಂಗರ್‌ಫರ್ಡ್‌ಗೆ ಸುಮಾರು 3 ಮೈಲಿ. ಅಷ್ಟಕ್ಕೆ ಸಾಕು ಅನ್ನಿಸಿದರೆ ಅಲ್ಲೇ ಸ್ಟೇಷನ್ ಇದೆ, ಟೀ ಕುಡಿದು ರೈಲು ಹತ್ತಬಹುದು. ಕಾಲಲ್ಲಿ ಇನ್ನೂ ಕಸುವಿದ್ದರೆ ಗ್ರೇಟ್ ಬೆಡ್ವಿನ್‌ವರೆಗೆ ಇನ್ನೊಂದು 5 ಮೈಲಿ. ಹಂಗರ್‌ಫರ್ಡ್ ದಾಟಿದ ಮೇಲೆ ಸಿಗುವ ಮಾರ್ಷ್ ಲಾಕ್ ನೋಡಲೇಬೇಕು. ಲಾಕ್‌ನ ನೆತ್ತಿಯ ಮೇಲೇ ತಿರುಗುವ ಸೇತುವೆ ಇದೆ. ದೋಣಿ ಬಂದರೆ ಮೊದಲು ಸೇತುವೆ ತಿರುಗಿಸಬೇಕು, ಆಮೇಲೆ ಬಾಗಿಲು. ನಮ್ಮಪ್ಪನಿಗೆ ಕಾಲುವೆಯ ಲೆಕ್ಕ ಅರ್ಥವಾಗಿದ್ದು ಅಲ್ಲಿ. ದೋಣಿ ಒಳಗೆ ಬಂತು, ಹಿಂದಿನ ಬಾಗಿಲು ಮುಚ್ಚಿತು, ಮೇಲಿನ ನೀರು ಒಳಗೆ ಬಿಟ್ಟರು, ದೋಣಿ ಕಣ್ಣೆದುರೇ ಮೇಲೆದ್ದಿತು. "ಅಂದ್ರೆ ನೀರಿಗೇ ಮೆಟ್ಲು ಕಟ್ಟವ್ರೆ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಯಾರಿಗೂ ವಿವರಿಸಿಲ್ಲ.

ಬೆಡ್ವಿನ್‌ನಿಂದ ಇನ್ನೂ ಒಂದೂವರೆ ಎರಡು ಮೈಲಿ ಮುಂದೆ ಕ್ರಾಫ್ಟನ್ ಪಂಪಿಂಗ್ ಸ್ಟೇಷನ್. ಕಾಲುವೆಯ ಅತಿ ಎತ್ತರದ ಭಾಗಕ್ಕೆ ನೀರು ಏರಿಸಲು ಕಟ್ಟಿದ್ದು. ಅಲ್ಲಿರುವ ಬೌಲ್ಟನ್ ಅಂಡ್ ವಾಟ್ ಉಗಿ ಯಂತ್ರ 1812ರದು. ಈಗಲೂ ಅದೇ ಜಾಗದಲ್ಲಿ ನಿಂತು, ಉಗಿ ಹಾಕಿದ ದಿನ ಅದೇ ಕೆಲಸ ಮಾಡುತ್ತದೆ. ಎಲ್ಲ ದಿನವೂ ಉಗಿ ಹಾಕುವುದಿಲ್ಲ, ವರ್ಷದಲ್ಲಿ ಕೆಲವೇ ವಾರಾಂತ್ಯ. ಎಂಜಿನಿಯರ್ ಮಾವಂದಿರು ಮನೆಗೆ ಬಂದಿದ್ದರೆ ಆ ದಿನ ನೋಡಿಕೊಂಡೇ ಹೋಗಿ. ಆದರೆ ಕ್ರಾಫ್ಟನ್‌ನಲ್ಲಿ ಸ್ಟೇಷನ್ ಇಲ್ಲ, ಬೆಡ್ವಿನ್‌ಗೆ ಮತ್ತೆ ನಡೆದು ಬರಬೇಕು ಅನ್ನುವುದು ನೆನಪಿರಲಿ.

ಕುಂದು ಏನು? ಹಂಗರ್‌ಫರ್ಡ್‌ನ ಆಚೆ ಕೆಲವು ಕಡೆ ರೈಲು ಹಳಿ ತೀರಾ ಹತ್ತಿರ. ಶಾಂತಿ ಬೇಕು ಅಂತ ಬಂದವರಿಗೆ ಎಕ್ಸ್‌ಪ್ರೆಸ್ ಗಾಡಿಯ ಸದ್ದು ಕಿರಿಕಿರಿ. ನಮ್ಮ ಮಗನಿಗೆ ಅದೇ ಹಬ್ಬ.

ತಳ್ಳುಗಾಡಿ ಇದ್ದರೆ: ಬ್ರಾಡ್‌ಫರ್ಡ್ ಆನ್ ಏವನ್‌ನಿಂದ ಬಾತ್

ಅದೇ ಕಾಲುವೆಯ ಪಶ್ಚಿಮದ ತುದಿ. ಸುತ್ತ ಗುಡ್ಡ ಇದ್ದರೂ ದಾರಿ ಮಟ್ಟ, ನೆಲ ಗಟ್ಟಿ. ಮಗುವಿನ ತಳ್ಳುಗಾಡಿಗೆ ನಾನು ನೋಡಿದ್ದರಲ್ಲಿ ಇದೇ ವಾಸಿ. ಪೂರ್ತಿ ನಡೆದರೆ 9-10 ಮೈಲಿ ಆಗುತ್ತದೆ, ಅಷ್ಟು ಬೇಡ. ಬ್ರಾಡ್‌ಫರ್ಡ್‌ನಿಂದ ಏವನ್‌ಕ್ಲಿಫ್‌ಗೆ ಒಂದೂವರೆ ಮೈಲಿ ನಡೆದು, ಅಲ್ಲಿನ ಪುಟ್ಟ ಸ್ಟೇಷನ್ನಿನಿಂದ ರೈಲು ಹತ್ತಿದರೂ ಒಂದು ಒಳ್ಳೆಯ ಮಧ್ಯಾಹ್ನ. ಏವನ್‌ಕ್ಲಿಫ್‌ನಲ್ಲಿ ಕಾಲುವೆ ಕಲ್ಲಿನ ಸೇತುವೆ ಏರಿ ನದಿಯನ್ನೇ ದಾಟುತ್ತದೆ. ಕೆಳಗೆ ನದಿ, ಮೇಲೆ ದೋಣಿ. ಇನ್ನೂ ಮುಂದೆ ಡಂಡಾಸ್‌ನಲ್ಲಿ ಇಂಥದೇ ಇನ್ನೊಂದು. ಏವನ್‌ಕ್ಲಿಫ್‌ನಲ್ಲಿ ಏರಿ ಒಂದು ದಡದಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಅಲ್ಲಿ ಗಾಡಿ ತಳ್ಳುವವರಿಗೆ ಸ್ವಲ್ಪ ಕಸರತ್ತು.

ಗಟ್ಟಿ ನೆಲಕ್ಕೆ ತೆರುವ ಬೆಲೆ ಸೈಕಲ್. ಇದು ರಾಷ್ಟ್ರೀಯ ಸೈಕಲ್ ಮಾರ್ಗವೂ ಹೌದು. ಬಿಸಿಲಿನ ಭಾನುವಾರ ಬೆಲ್ ಹೊಡೆದದ್ದೇ ಹೊಡೆದದ್ದು. ಏರಿಯ ಮೇಲೆ ನಡೆಯುವವರಿಗೇ ಮೊದಲ ಹಕ್ಕು ಅಂತ ನಿಯಮ ಇದೆ. ಆದರೂ ಕೈಬಿಟ್ಟು ಓಡುವ ಮಗು ಇದ್ದರೆ ಶನಿವಾರ, ಭಾನುವಾರ ಬೇಡ.

ವಿಲ್ಮ್‌ಕೋಟ್‌ನಿಂದ ಸ್ಟ್ರಾಟ್‌ಫರ್ಡ್: ನೋಡಿದ ಹಾಗೂ ಆಯಿತು, ನಡೆದ ಹಾಗೂ ಆಯಿತು

ಊರಿಂದ ಬಂದವರು ಶೇಕ್ಸ್‌ಪಿಯರ್ ಮನೆ ನೋಡದೆ ಹೋಗುವುದಿಲ್ಲ. ಹೇಗೂ ಸ್ಟ್ರಾಟ್‌ಫರ್ಡ್‌ಗೆ ಹೋಗಲೇಬೇಕು. ಹಾಗಿದ್ದ ಮೇಲೆ ಎರಡು ಸ್ಟೇಷನ್ ಮುಂಚೆ ಇಳಿದು ನಡೆದುಕೊಂಡೇ ಊರು ಸೇರಬಹುದಲ್ವಾ? ಇದು ಸ್ಟ್ರಾಟ್‌ಫರ್ಡ್ ಕಾಲುವೆ, ವಿಲ್ಮ್‌ಕೋಟ್‌ನಿಂದ ಸುಮಾರು ಮೂರೂವರೆ ಮೈಲಿ. ಆರಂಭದಲ್ಲೇ ಸಾಲಾಗಿ 11 ಲಾಕ್. ಎಲ್ಲವೂ ಇಳಿಯುವ ದಿಕ್ಕಿನಲ್ಲಿ, ಆದ್ದರಿಂದ ಉಸಿರು ಕಟ್ಟುವುದಿಲ್ಲ. ಉಲ್ಟಾ ನಡೆಯಬೇಡಿ.

ವಿಲ್ಮ್‌ಕೋಟ್ ಶೇಕ್ಸ್‌ಪಿಯರ್ ತಾಯಿ ಮೇರಿ ಆರ್ಡನ್ ಅವರ ಊರು. ಒಂದು ಮನೆಯನ್ನು ಇದೇ ಅವರ ಮನೆ ಅಂತ ಎಷ್ಟೋ ಕಾಲ ಜನರಿಗೆ ತೋರಿಸುತ್ತಾ ಬಂದರು. 2000ದಲ್ಲಿ ಹಳೆ ದಾಖಲೆ ನೋಡಿದರೆ ಅದು ನೆರೆಯವರ ಮನೆಯಂತೆ, ನಿಜವಾದದ್ದು ಪಕ್ಕದ್ದು! ಅಷ್ಟು ವರ್ಷ ಫೋಟೊ ತೆಗೆಸಿಕೊಂಡವರ ಗತಿ ಏನೋ. ಒಳಗೆ ಬಿಡುವ ದಿನಗಳು ಬದಲಾಗುತ್ತಿರುತ್ತವೆ, ಮೊದಲೇ ವಿಚಾರಿಸಿ. ಹೊರಗಿನಿಂದ ನೋಡಲು ಯಾರ ಅಪ್ಪಣೆಯೂ ಬೇಡ.

ಈ ಕಾಲುವೆಯಲ್ಲಿ ನನಗೆ ಇಷ್ಟವಾದದ್ದು ಸಣ್ಣ ಸೇತುವೆಗಳು. ನಡುಮಧ್ಯೆ ಸೀಳು ಬಿಟ್ಟು ಎರಡು ತುಂಡಾಗಿ ಕಟ್ಟಿದ್ದಾರೆ. ದೋಣಿ ಕೆಳಗೆ ಹೋಗುವಾಗ ಕುದುರೆಯ ಹಗ್ಗ ಆ ಸೀಳಿನಲ್ಲಿ ಜಾರಿ ಹೋಗುತ್ತಿತ್ತು, ಬಿಚ್ಚಿ ಕಟ್ಟುವ ಕೆಲಸವೇ ಇರಲಿಲ್ಲ. ಮಕ್ಕಳಿಗೆ ಆ ಸೀಳಿನಲ್ಲಿ ಎಲೆ ಉದುರಿಸುವುದೇ ಆಟ. ಈ ಭಾಗವೂ ಒಂದು ಕಾಲಕ್ಕೆ ಮುಚ್ಚಿಹೋಗುವುದರಲ್ಲಿತ್ತು. ಸ್ವಯಂಸೇವಕರು ಸರಿಮಾಡಿ 1964ರಲ್ಲಿ ಮತ್ತೆ ತೆರೆದರು.

ಕೊನೆಯ ಒಂದು ಮೈಲಿ ಚಂದವಿಲ್ಲ. ಗೋಡೌನು, ಕಟ್ಟಡಗಳ ಹಿಂಬದಿ, ಬೇಲಿ. ಇನ್ನೇನು ಬೇಜಾರಾಯಿತು ಅನ್ನುವಷ್ಟರಲ್ಲಿ ಕಾಲುವೆ ನೇರ ರಾಯಲ್ ಶೇಕ್ಸ್‌ಪಿಯರ್ ಥಿಯೇಟರ್ ಮುಂದಿನ ಕೊಳಕ್ಕೆ ತಂದು ಬಿಡುತ್ತದೆ. ಟಾಯ್ಲೆಟ್, ಐಸ್‌ಕ್ರೀಮ್, ಬೆಂಚು ಎಲ್ಲ ಅಲ್ಲೇ. ವಾಪಸ್ ಹೋಗಲು ಸ್ಟ್ರಾಟ್‌ಫರ್ಡ್ ಸ್ಟೇಷನ್. ಬರ್ಮಿಂಗ್‌ಹ್ಯಾಮ್, ಕವೆಂಟ್ರಿ ಕಡೆಯವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಿನ ಸಿಗುವುದು ಕಷ್ಟ. ಲಂಡನ್ನಿನಿಂದ ಬರುವುದಾದರೆ ಪ್ರಯಾಣವೇ ಜಾಸ್ತಿ, ನಡಿಗೆ ಕಡಿಮೆ.

ಇನ್ನೂ ಉದ್ದ ಬೇಕು ಅನ್ನುವವರು ವೂಟನ್ ವಾವೆನ್‌ನಲ್ಲಿ ಇಳಿದು ನಾಲ್ಕೈದು ಮೈಲಿ ಜಾಸ್ತಿ ನಡೆಯಬಹುದು. ದಾರಿಯಲ್ಲಿ ಎಡ್‌ಸ್ಟೋನ್ ಬರುತ್ತದೆ. 475 ಅಡಿ ಉದ್ದದ ಕಬ್ಬಿಣದ ತೊಟ್ಟಿ, ಅದರೊಳಗೆ ಕಾಲುವೆ. ಏರಿ ತೊಟ್ಟಿಯ ತಳದ ಮಟ್ಟದಲ್ಲಿರುವುದರಿಂದ ದೋಣಿಗಳು ನಿಮ್ಮ ತಲೆಯ ಎತ್ತರದಲ್ಲಿ ಹಾದುಹೋಗುತ್ತವೆ.

ಲಂಡನ್‌ನಲ್ಲಿದ್ದು ಸಮಯ ಕಡಿಮೆ ಇದ್ದರೆ: ಟ್ರಿಂಗ್ ಮತ್ತು ಬರ್ಕಮ್‌ಸ್ಟೆಡ್

ಯೂಸ್ಟನ್‌ನಿಂದ ಟ್ರಿಂಗ್‌ಗೆ ಮುಕ್ಕಾಲು ಗಂಟೆಯೊಳಗೆ ಬರಬಹುದು. ಮಿಲ್ಟನ್ ಕೀನ್ಸ್, ವಾಟ್‌ಫರ್ಡ್ ಕಡೆಯವರಿಗೆ ಇನ್ನೂ ಹತ್ತಿರ. ಸ್ಟೇಷನ್ನಿನಿಂದ ಗ್ರ್ಯಾಂಡ್ ಯೂನಿಯನ್ ಕಾಲುವೆ ಕೆಲವೇ ನಿಮಿಷ. ಇಲ್ಲಿ ಎರಡು ದಿಕ್ಕು, ಎರಡು ಬೇರೆ ರುಚಿ.

ದಕ್ಷಿಣಕ್ಕೆ ಬರ್ಕಮ್‌ಸ್ಟೆಡ್‌ವರೆಗೆ ಸುಮಾರು 5 ಮೈಲಿ. ಲಾಕ್ ಮೇಲೆ ಲಾಕ್, ಕೊನೆಗೆ ಊರು, ಪಬ್, ಅಂಗಡಿ. ಸ್ಟೇಷನ್ ಕಾಲುವೆಗೆ ಅಂಟಿಕೊಂಡೇ ಇದೆ, ಪಕ್ಕದಲ್ಲಿ ಹಳೆ ಕೋಟೆಯ ಅವಶೇಷ. ರೈಲುಗಳು ಮೇಲಿಂದ ಮೇಲೆ ಇರುವುದರಿಂದ ವೇಳಾಪಟ್ಟಿ ನೋಡದೆ ಹೋದರೂ ನಡೆಯುತ್ತದೆ.

ಉತ್ತರಕ್ಕೆ ಹೋದರೆ ಎರಡೂವರೆ ಮೈಲಿಯಲ್ಲಿ ಮಾರ್ಸ್‌ವರ್ತ್ ಕೆರೆಗಳು. ಕೆರೆ ಅಂತ ಬೇಕೆಂದೇ ಹೇಳುತ್ತಿದ್ದೇನೆ. ದೋಣಿಯೊಂದು ದಿಬ್ಬ ಹತ್ತಿ ಇಳಿದಾಗಲೆಲ್ಲ ಎರಡೂ ಕಡೆಗೆ ಒಂದೊಂದು ಲಾಕ್ ತುಂಬ ನೀರು ಹರಿದು ಹೋಗುತ್ತದೆ. ಅದನ್ನು ತುಂಬಿಸಲು ಕಟ್ಟಿಸಿದ ಕೆರೆಗಳು ಇವು. ಕಟ್ಟೆಯ ಮೇಲೆ ಸುತ್ತು ಹಾಕಬಹುದು. ಹಕ್ಕಿ ನೋಡುವವರು ಬೆಳಿಗ್ಗೆಯೇ ಟ್ರೈಪಾಡ್ ಇಟ್ಟು ಕೂತಿರುತ್ತಾರೆ. ಹಿರಿಯರ ಜೊತೆಗೆ ನಾನು ಈ ಭಾಗವನ್ನೇ ಆರಿಸುತ್ತೇನೆ, ಆದರೆ ಕಾರಿನಲ್ಲಿ. ಕೆರೆ ಪಕ್ಕದಲ್ಲೇ ಪಾರ್ಕಿಂಗ್ ಇದೆ. ರೈಲಿನಲ್ಲಿ ಬಂದರೆ ಟ್ರಿಂಗ್ ಸ್ಟೇಷನ್ ಹತ್ತಿರದ ಒಂದೂವರೆ ಮೈಲಿ ಆಳವಾಗಿ ಕಡಿದ ಕಣಿವೆಯೊಳಗೆ ಹೋಗುತ್ತದೆ. ಎರಡೂ ಬದಿ ಮರ, ಬಿಸಿಲು ತಾಗುವುದಿಲ್ಲ, ಮಳೆ ಬಿದ್ದರೆ ವಾರಗಟ್ಟಲೆ ಕೆಸರು ಆರುವುದಿಲ್ಲ.

ಹೇಫರ್ಡ್‌ನಿಂದ ಟ್ಯಾಕ್ಲಿ: ಚಂದ, ಆದರೆ

ನನ್ನನ್ನೊಬ್ಬನನ್ನೇ ಬಿಟ್ಟರೆ ಹೋಗುವುದು ಇಲ್ಲಿಗೆ. ಆಕ್ಸ್‌ಫರ್ಡ್ ಕಾಲುವೆ 1790ರಲ್ಲಿ ಮುಗಿದದ್ದು. ಹಳೆ ಕಾಲದ್ದಾದ್ದರಿಂದ ಅಗಲ ಕಡಿಮೆ, ಅಂಕುಡೊಂಕು ಜಾಸ್ತಿ. ನೆಲದ ಏರಿಳಿತ ತಪ್ಪಿಸಲು ಹೊಲಗಳ ನಡುವೆ ಸುತ್ತಿ ಬಳಸಿ ಹೋಗುತ್ತದೆ. ಮರದ ಎತ್ತುವ ಸೇತುವೆಗಳು ಬಾಯಿ ತೆರೆದು ನಿಂತಿರುತ್ತವೆ. ಹೇಫರ್ಡ್ ಸ್ಟೇಷನ್ ಕಾಲುವೆಯ ಪಕ್ಕದಲ್ಲೇ ಇದೆ. ಅಲ್ಲಿಂದ ಟ್ಯಾಕ್ಲಿಗೆ ನಾಲ್ಕೈದು ಮೈಲಿ. ಮಿಂಚುಳ್ಳಿ ನೋಡಿದ್ದು ನಾನು ಇಲ್ಲೇ, ಎರಡು ಸಲ.

ಆದರೆ ಏರಿ ಕಿರಿದು, ಹುಲ್ಲು ತುಂಬಿದ್ದು. ಫೆಬ್ರವರಿಯಲ್ಲಿ ಹೋಗಿ ಬಿಳಿ ಶೂ ಹಾಕಿಕೊಂಡಿದ್ದ ಗೆಳೆಯನ ಬೈಗುಳ ಇನ್ನೂ ಕಿವಿಯಲ್ಲಿದೆ. ಬೇಸಿಗೆಯಲ್ಲಿ ಬದಿಗೆ ತುರಿಕೆ ಗಿಡ ಮೊಣಕಾಲಿನವರೆಗೆ ಬೆಳೆಯುತ್ತದೆ, ಚಡ್ಡಿ ಹಾಕಿದರೆ ಕೆಟ್ಟಿರಿ. ರೈಲುಗಳ ನಡುವೆ ಅಂತರ ದೊಡ್ಡದು, ನಡುವೆ ಬಿಟ್ಟು ಹೋಗಲು ದಾರಿಯಿಲ್ಲ, ಟಾಯ್ಲೆಟ್ ಇಲ್ಲ. ಅಂದರೆ ನನ್ನ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಪಾಸು. ಜೋಡಿಯಾಗಿ ಹೋಗುವವರಿಗೆ, ಗೆಳೆಯರಿಗೆ ಸರಿ. ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಸ್ಟೇಷನ್ನಿಗೆ ಹತ್ತಿರದ ರೂಶಮ್ ತೋಟ 18ನೇ ಶತಮಾನದ್ದು, ತುಂಬ ಹೆಸರಾದದ್ದು. ಆದರೆ ಅಲ್ಲಿಗೆ 15 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ.

ಉತ್ತರದವರಿಗೆ: ಪಾರ್ಬೋಲ್ಡ್‌ನಿಂದ ಬರ್ಸ್‌ಕೋ

ಮ್ಯಾಂಚೆಸ್ಟರ್ ಅಥವಾ ಲಿವರ್‌ಪೂಲ್‌ನಲ್ಲಿ ಇರುವವರು ಸುಮ್ನೆ ದಕ್ಷಿಣಕ್ಕೆ ಬರಬೇಡಿ. ಲೀಡ್ಸ್ ಅಂಡ್ ಲಿವರ್‌ಪೂಲ್ ಕಾಲುವೆ 127 ಮೈಲಿ, 1770ರಲ್ಲಿ ಶುರುವಾಗಿ 1816ರಲ್ಲಿ ಮುಗಿದದ್ದು. ಅದರ ಪಶ್ಚಿಮ ಲ್ಯಾಂಕಶೈರ್ ಭಾಗ ತಟ್ಟೆಯಷ್ಟು ಸಮ. ಪಾರ್ಬೋಲ್ಡ್‌ನಿಂದ ಬರ್ಸ್‌ಕೋ ಬ್ರಿಡ್ಜ್ ಸುಮಾರು 4 ಮೈಲಿ, ಎರಡೂ ಮ್ಯಾಂಚೆಸ್ಟರ್-ಸೌತ್‌ಪೋರ್ಟ್ ರೈಲಿನ ಸ್ಟೇಷನ್‌ಗಳು. ಹೊರಡುವಾಗ ಹಳೆಯ ಗಾಳಿಗಿರಣಿ, ನಡುವೆ ರಫರ್ಡ್ ಕಡೆಗೆ ಕವಲೊಡೆಯುವ ಜಾಗ, ಎರಡೂ ಕಡೆ ಆಲೂಗಡ್ಡೆ, ಕೋಸು ಬೆಳೆದ ಕಪ್ಪು ಮಣ್ಣಿನ ಹೊಲ. ನಮ್ಮಪ್ಪನಿಗೆ ಬೇರೆಲ್ಲ ದಾರಿಗಿಂತ ಇದೇ ಹಿಡಿಸಿತು. ಹುಲ್ಲುಗಾವಲು ನೋಡಿ ನೋಡಿ ಸಾಕಾಗಿತ್ತು, ಇಲ್ಲಿ ಕೊನೆಗೂ ಬೆಳೆ ಸಿಕ್ಕಿತು. ಕೋಸಿನ ಸಾಲು ನೋಡಿಕೊಂಡು ಅರ್ಧ ಗಂಟೆ ನಿಂತರು.

ಚಳಿಗಾಲಕ್ಕೂ ಇದು ಒಂದು ಕಾರಣ ಕೊಡುತ್ತದೆ. ಹತ್ತಿರದ ಮಾರ್ಟಿನ್ ಮಿಯರ್ ಜೌಗಿಗೆ ಆಗ ಸಾವಿರಾರು ಕಾಡು ಬಾತುಗಳು ವಲಸೆ ಬರುತ್ತವೆ. ಸಂಜೆಯ ಹೊತ್ತು ತಲೆಯ ಮೇಲೆ ಸಾಲುಗಟ್ಟಿ ಹೋಗುವುದು ಕಾಣುತ್ತದೆ. ಗಾಳಿ ಮಾತ್ರ ಸಮುದ್ರದ ಕಡೆಯಿಂದ ನೇರ ಮುಖಕ್ಕೆ, ತಡೆಯಲು ಒಂದು ಗುಡ್ಡವೂ ಇಲ್ಲ. ಟೋಪಿ ಬೇಕು.

ಇದಕ್ಕಿಂತ ಉದ್ದ ನಡೆಯುವವರಿಗೆ ಲ್ಯಾಂಕಾಸ್ಟರ್ ಕಾಲುವೆ. ಪ್ರೆಸ್ಟನ್‌ನಿಂದ ಟ್ಯೂವಿಟ್‌ಫೀಲ್ಡ್‌ವರೆಗೆ 40 ಮೈಲಿಗೂ ಜಾಸ್ತಿ, ಒಂದೂ ಲಾಕ್ ಇಲ್ಲ. ಲ್ಯಾಂಕಾಸ್ಟರ್‌ನಿಂದ ಕಾರ್ನ್‌ಫರ್ತ್ ಎಂಟೊಂಬತ್ತು ಮೈಲಿ, ಎರಡೂ ಕಡೆ ರೈಲು. ನಡುವೆ ಹೆಸ್ಟ್ ಬ್ಯಾಂಕ್ ಹತ್ತಿರ ಸಮುದ್ರ ಕಾಣುತ್ತದೆ. ದಿನ ಪೂರ್ತಿ ಇದಕ್ಕೇ ಇಡಬೇಕು.

ಕಾರಿಲ್ಲದೆ ಕಷ್ಟ

ಎಸ್ಸೆಕ್ಸ್‌ನ ಚೆಲ್ಮರ್ ಅಂಡ್ ಬ್ಲಾಕ್‌ವಾಟರ್ ಜಲಮಾರ್ಗವನ್ನು ಕ್ರಿಕೆಟ್ ಹುಚ್ಚಿನವರಿಗೆ ಮಾತ್ರ ಹೇಳುತ್ತೇನೆ. 1797ರಲ್ಲಿ ತೆರೆದದ್ದು, ಚೆಲ್ಮ್ಸ್‌ಫರ್ಡ್‌ನಿಂದ ಹೇಬ್ರಿಡ್ಜ್ ಬೇಸಿನ್‌ವರೆಗೆ ಸುಮಾರು 14 ಮೈಲಿ. ದಡದಲ್ಲಿ ಸಾಲಾಗಿ ನೆಟ್ಟ ಮರಗಳು ಬ್ಯಾಟ್ ಮಾಡುವ ವಿಲ್ಲೋ. ಹದಿನೈದು ಇಪ್ಪತ್ತು ವರ್ಷ ಬೆಳೆಸಿ ಕಡಿಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಇಂಗ್ಲಿಷ್ ವಿಲ್ಲೋ ಅಂತ ದುಬಾರಿ ಬೆಲೆಗೆ ಮಾರುವ ಬ್ಯಾಟು ಇಂಥ ಒದ್ದೆ ದಡದಲ್ಲೇ ಹುಟ್ಟುವುದು. ಚೆಲ್ಮ್ಸ್‌ಫರ್ಡ್‌ನಿಂದ ಆರೇಳು ಮೈಲಿಗೆ ಪೇಪರ್ ಮಿಲ್ ಲಾಕ್, ಅಲ್ಲಿ ಟೀ ಅಂಗಡಿ. ಆದರೆ ಹೇಬ್ರಿಡ್ಜ್ ತುದಿಯಲ್ಲಿ ರೈಲಿಲ್ಲ, ಬಸ್ಸೇ ಗತಿ. ಪೇಪರ್ ಮಿಲ್‌ನಲ್ಲೇ ಕಾರು ನಿಲ್ಲಿಸಿ ಎರಡು ಮೈಲಿ ಹೋಗಿ ಎರಡು ಮೈಲಿ ಬನ್ನಿ, ಸಾಕು.

ಲೆಸ್ಟರ್ ಕಡೆಯವರಿಗೆ ಫಾಕ್ಸ್‌ಟನ್. 10 ಲಾಕ್ ಒಂದರ ಮೇಲೊಂದು ಏಣಿಯ ಥರ, ದೋಣಿಗಳನ್ನು 75 ಅಡಿ ಎತ್ತುತ್ತವೆ. ನಡೆಯುವುದಕ್ಕಿಂತ ಕೂತು ನೋಡುವ ಜಾಗ. ಡಿವೈಜಸ್‌ನ ಕೇನ್ ಹಿಲ್ ಇನ್ನೂ ಭರ್ಜರಿ, 2 ಮೈಲಿಯಲ್ಲಿ 29 ಲಾಕ್. ಆದರೆ ಅದು ದಿಬ್ಬ, ಊರಿಗೆ ರೈಲೂ ಇಲ್ಲ. ಫೋಟೊಗೆ ಅಂತ ಒಮ್ಮೆ ಹೋಗಿ.

ದುಡ್ಡು, ಊಟ, ಹೊತ್ತು

ರೈಲಿನ ಖರ್ಚು ಕಮ್ಮಿ ಮಾಡಲು ಎರಡು ದಾರಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಹಲವು ರೈಲು ಕಂಪನಿಗಳಲ್ಲಿ ಗ್ರೂಪ್‌ಸೇವ್ ಸಿಗುತ್ತದೆ, ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಕಡಿತ. ಅದಕ್ಕೆ ಕಾರ್ಡೂ ಬೇಡ. ಅಪ್ಪ-ಅಮ್ಮ ಮೂರ್ನಾಲ್ಕು ತಿಂಗಳು ಇರುವುದಾದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. 60 ದಾಟಿದ್ದರೆ ಸಾಕು, ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದು ಜೊತೆಗೆ ತಳ್ಳುಗಾಡಿಯೂ ಇದ್ದರೆ ಕಾರೇ ಅಗ್ಗ ಬೀಳಬಹುದು. ಆಗ ಮೇಲೆ ಹೇಳಿದ ಹಾಗೆ ಕಾರನ್ನು ಕೊನೆಯ ಸ್ಟೇಷನ್‌ನಲ್ಲಿ ಬಿಡಿ.

ಊಟಕ್ಕೆ ಪಬ್ ನೆಚ್ಚಿಕೊಳ್ಳಬೇಡಿ. ಒಮ್ಮೆ ಒಂದು ಪಬ್‌ಗೆ ಮೂರು ಗಂಟೆಗೆ ತಲುಪಿದರೆ ಅಡುಗೆಮನೆ ಮುಚ್ಚಿದೆ ಅಂದರು. ಆರು ಗಂಟೆಗೆ ತೆರೆಯುತ್ತಾರಂತೆ. ಅಮ್ಮ ಒಂದು ಮಾತೂ ಆಡದೆ ಬ್ಯಾಗಿನಿಂದ ಪುಳಿಯೋಗರೆ ಡಬ್ಬಿ ತೆಗೆದರು. ಅವತ್ತಿನಿಂದ ಡಬ್ಬಿ ಇಲ್ಲದೆ ನಾವು ಹೊರಟೇ ಇಲ್ಲ. ಪಬ್‌ನಲ್ಲಿ ಒಂದು ಟೀ ತೆಗೆದುಕೊಂಡರೆ ಟಾಯ್ಲೆಟ್ ಬಳಸಲು ಸಂಕೋಚವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಹಂಸಗಳು ಗೂಡು ಕಟ್ಟಿರುತ್ತವೆ. ದಾರಿಗೆ ಅಡ್ಡ ನಿಂತರೆ ನೀವೇ ಕಾಯಿರಿ, ಅವು ಸರಿಯುವುದಿಲ್ಲ. ಆಗಸ್ಟ್ ಕೊನೆಗೆ ಬೇಲಿಯಲ್ಲಿ ಬ್ಲಾಕ್‌ಬೆರಿ ಹಣ್ಣಾಗುತ್ತದೆ, ಆಗ ಗಂಟೆಗೆ ಒಂದು ಮೈಲಿ ನಡೆದರೂ ದೊಡ್ಡದು. ಲಾಕ್ ಹತ್ತಿರ ಮಗುವಿನ ಕೈ ಬಿಡಬೇಡಿ. ಕಾಲುವೆ ಆಳವಿಲ್ಲ ಅನ್ನಿಸುತ್ತದೆ, ಲಾಕ್ ಆಳವಿದೆ, ಗೋಡೆ ನುಣುಪು, ನೀರು ಬೇಸಿಗೆಯಲ್ಲೂ ಕೊರೆಯುತ್ತದೆ.

ಹೊರಡುವ ಹಿಂದಿನ ರಾತ್ರಿ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಏರಿ ಎಲ್ಲಾದರೂ ರಿಪೇರಿಗೆ ಮುಚ್ಚಿದೆಯಾ ಅಂತ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ವೆಬ್‌ಸೈಟಿನಲ್ಲಿ. ಎರಡು, ಭಾನುವಾರದ ರೈಲು. ಹಳಿ ಕೆಲಸ ಇಟ್ಟುಕೊಳ್ಳುವುದೇ ಭಾನುವಾರ, ರೈಲಿನ ಬದಲು ಬಸ್ಸು ಬಿಡುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಮಧ್ಯಾಹ್ನ ಊಟ ಮುಗಿಸಿ ಹೊರಟರೂ ಆಗುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಏರಿಯ ಮೇಲೆ ದೀಪ ಇರುವುದಿಲ್ಲ, ಒಂದು ಕಡೆ ನೀರು. ಆಗ ಕಿಂಟ್‌ಬರಿಯಿಂದ ಹಂಗರ್‌ಫರ್ಡ್‌ನ ಮೂರು ಮೈಲಿಗೇ ನಿಲ್ಲಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಶುರುಮಾಡಿ.